ಒಂದೇ ಡಿವಿಡಿಯಲ್ಲಿ 25, 30 ಮತ್ತು 23.976 ಫ್ರೇಮಿನ ವಿಡಿಯೊಗಳು: ಯಾವ ದರ ಸರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ರಂಗಪ್ರದರ್ಶನದ ಪೂರ್ಣ ಚಿತ್ರೀಕರಣ, ಅದರ ತಾಲೀಮಿನಲ್ಲಿ ಫೋನಿನಿಂದ ತೆಗೆದ ತುಣುಕುಗಳು ಮತ್ತು ಅದೇ ತಂಡದ ಒಂದು ಕಿರುಚಿತ್ರ, ಈ ಮೂರನ್ನೂ ಒಂದೇ ಡಿವಿಡಿಗೆ ಹಾಕಿ ಟಿವಿಗೆ ಜೋಡಿಸಿದ ಸಾಮಾನ್ಯ ಪ್ಲೇಯರ್‌ನಲ್ಲಿ ನೋಡುವಂತೆ ಮಾಡಬೇಕಾಗಿದೆ. ಪ್ರದರ್ಶನದ್ದು ಸೆಕೆಂಡಿಗೆ 25 ಫ್ರೇಮಿನ ಇಂಟರ್‌ಲೇಸ್ಡ್ ವಿಡಿಯೊ (ಪ್ರತಿ ಫ್ರೇಮಿನ ಗೆರೆಗಳು ಎರಡು ಅರ್ಧಗಳಾಗಿ, ಅಂದರೆ ಫೀಲ್ಡ್‌ಗಳಾಗಿ, ಒಂದಾದ ಮೇಲೊಂದು ಬರುವಂಥದು), ಫೋನಿನವು ಸುಮಾರು 30, ಆದರೆ ಕಡತದ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶ ಅವುಗಳ ದರವನ್ನು ‘ವೇರಿಯಬಲ್’ (ಬದಲಾಗುತ್ತಿರುವುದು) ಎಂದು ತೋರಿಸುತ್ತದೆ, ಕಿರುಚಿತ್ರ 23.976. ಡಿವಿಡಿಯನ್ನು ಸಿದ್ಧಪಡಿಸುವ ಆಥರಿಂಗ್ ತಂತ್ರಾಂಶ ಎಲ್ಲವನ್ನೂ ತಕರಾರಿಲ್ಲದೆ ಸ್ವೀಕರಿಸಿತು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುವ ಡಿಸ್ಕ್, ಪ್ಲೇಯರ್‌ನಲ್ಲಿ ಮಾತ್ರ ಮುಗ್ಗರಿಸುತ್ತದೆ. ಫೋನಿನ ತುಣುಕುಗಳ ಕೊನೆಯ ಹೊತ್ತಿಗೆ ಮಾತಿಗೂ ತುಟಿಗೂ ಹೊಂದಿಕೆ ತಪ್ಪುತ್ತದೆ. ಯಾವ ದರವನ್ನು ಆರಿಸಬೇಕು, ಪರಿವರ್ತನೆಯನ್ನು ಯಾವ ಹಂತದಲ್ಲಿ ಮಾಡಬೇಕು?

ಉತ್ತರ 1

ಡಿವಿಡಿ-ವಿಡಿಯೊ ಮಾನದಂಡದಲ್ಲಿ ಇರುವುದು ಎರಡೇ ಟಿವಿ ಪದ್ಧತಿಗಳು: ಪಾಲ್‌ನಲ್ಲಿ 720×576 ಅಳತೆ ಮತ್ತು 25 ಫ್ರೇಮ್, ಎನ್‌ಟಿಎಸ್‌ಸಿಯಲ್ಲಿ 720×480 ಅಳತೆ ಮತ್ತು 29.97 ಫ್ರೇಮ್. ಒಂದೇ ಟೈಟಲ್ ಸೆಟ್‌ನಲ್ಲಿ (ಡಿಸ್ಕ್‌ನ ವಿಡಿಯೊ ಕಡತಗಳ ಒಂದು ಗುಂಪಿನಲ್ಲಿ) ಇವೆರಡನ್ನೂ ಬೆರೆಸುವಂತಿಲ್ಲ. ಆದ್ದರಿಂದ ಡಿಸ್ಕ್‌ನ ಮುಖ್ಯ ವಸ್ತು ಯಾವ ದರದಲ್ಲಿದೆಯೋ ಅದನ್ನೇ ಉಳಿಸಿಕೊಂಡು, ಮಿಕ್ಕವನ್ನು ಅದಕ್ಕೆ ಹೊಂದಿಸುವುದು ಉತ್ತಮ. ನಿಮ್ಮ ವಿಷಯದಲ್ಲಿ ಪ್ರದರ್ಶನವೇ ಮುಖ್ಯವಾಗಿರುವುದರಿಂದ ಪಾಲ್ ಆರಿಸಿ, ಅದನ್ನು ಇಂಟರ್‌ಲೇಸ್ಡ್ ಆಗಿಯೇ ಎನ್ಕೋಡ್ ಮಾಡಿ. ಡೀಇಂಟರ್‌ಲೇಸ್ ಮಾಡಿದರೆ, ಅಂದರೆ ಎರಡು ಫೀಲ್ಡ್‌ಗಳನ್ನು ಒಂದೇ ಪೂರ್ಣ ಫ್ರೇಮಾಗಿಸಿದರೆ, ಸೆಕೆಂಡಿಗೆ 50 ಫೀಲ್ಡ್‌ಗಳಲ್ಲಿರುವ ಚಲನೆಯ ಅರ್ಧವನ್ನು ನಾವೇ ಕೈಯಾರೆ ಕಳೆದಂತಾಗುತ್ತದೆ. ನಟರ ಚಲನೆಯೇ ಜೀವಾಳವಾದ ದೃಶ್ಯಕ್ಕೆ ಅದು ದೊಡ್ಡ ನಷ್ಟ.

ಫೋನಿನ ತುಣುಕುಗಳನ್ನು ಆಥರಿಂಗ್ ತಂತ್ರಾಂಶಕ್ಕೆ ನೇರವಾಗಿ ಕೊಡಬೇಡಿ. ವೇರಿಯಬಲ್ ದರದ ಕಡತದಲ್ಲಿ ಪ್ರತಿ ಫ್ರೇಮಿಗೂ ತನ್ನದೇ ಸಮಯದ ಗುರುತು ಇರುತ್ತದೆ. ಆ ಗುರುತುಗಳನ್ನು ಕಡೆಗಣಿಸಿ ಫ್ರೇಮ್‌ಗಳನ್ನು ಸಮಾನ ಅಂತರದಲ್ಲಿ ಜೋಡಿಸಿದಾಗ ಧ್ವನಿಯೊಂದಿಗಿನ ಹೊಂದಿಕೆ ತಪ್ಪುತ್ತದೆ. ಮೊದಲು ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನೆಯ ತಂತ್ರಾಂಶದಲ್ಲಿ ಸ್ಥಿರ 30ಕ್ಕೆ ತಂದು, ಹೊಂದಿಕೆ ಪರೀಕ್ಷಿಸಿ, ಆಮೇಲೆ 25ಕ್ಕೆ ಇಳಿಸಿ. ಪ್ರತಿ ಆರು ಫ್ರೇಮ್‌ಗಳಲ್ಲಿ ಒಂದು ಬಿಟ್ಟುಹೋಗುವುದರಿಂದ ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಸಣ್ಣ ಎಳೆತ ಕಾಣಿಸುತ್ತದೆ. ಇದನ್ನು ಸಹಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ಹೊಸ ಫ್ರೇಮ್‌ಗಳನ್ನು ಊಹಿಸಿ ಹುಟ್ಟಿಸುವ ಫಿಲ್ಟರ್‌ಗಳು ವೇಗವಾಗಿ ಬೀಸುವ ಕೈಗಳ ಅಂಚನ್ನು ಕಲಸಿಬಿಡುತ್ತವೆ.

ಉತ್ತರ 2

ಮೇಲಿನ ಸಲಹೆಗೆ ಕಿರುಚಿತ್ರದ ವಿಷಯವನ್ನು ಸೇರಿಸುತ್ತೇನೆ. ಪಾಲ್ ಡಿಸ್ಕ್‌ಗೆ ಅದರ ಫ್ರೇಮ್‌ಗಳನ್ನು ಮುಟ್ಟದೆ, ಓಟವನ್ನಷ್ಟೇ 25ಕ್ಕೆ ಏರಿಸುವುದು ಬಹುಕಾಲದಿಂದ ನಡೆದುಬಂದ ಕ್ರಮ. ವೇಗ ಸುಮಾರು ನೂರಕ್ಕೆ ನಾಲ್ಕರಷ್ಟು ಹೆಚ್ಚುವುದರಿಂದ 25 ನಿಮಿಷದ ಚಿತ್ರ 24 ನಿಮಿಷಕ್ಕೆ ಮುಗಿಯುತ್ತದೆ, ಧ್ವನಿಯನ್ನೂ ಅಷ್ಟೇ ಪ್ರಮಾಣದಲ್ಲಿ ಕುಗ್ಗಿಸಬೇಕು.

ಆ ವೇಗ ಒಪ್ಪಿಗೆಯಾಗದಿದ್ದರೆ ಕಿರುಚಿತ್ರಕ್ಕೆ ಪ್ರತ್ಯೇಕ ಎನ್‌ಟಿಎಸ್‌ಸಿ ಡಿಸ್ಕ್ ಮಾಡಿ. ಅಲ್ಲಿ 23.976ರ ಪ್ರೋಗ್ರೆಸಿವ್ (ಫೀಲ್ಡ್‌ಗಳಾಗಿ ಒಡೆಯದ) ಫ್ರೇಮ್‌ಗಳನ್ನೇ ಎನ್ಕೋಡ್ ಮಾಡಿ, ಡಿವಿಡಿ ಬಳಸುವ ಎಂಪೆಗ್-2 ಪ್ರವಾಹದಲ್ಲಿ ಪುಲ್‌ಡೌನ್ ಫ್ಲ್ಯಾಗ್‌ಗಳನ್ನು (ಯಾವ ಫೀಲ್ಡನ್ನು ಮತ್ತೆ ತೋರಿಸಬೇಕೆಂಬ ಗುರುತುಗಳನ್ನು) ಇಟ್ಟರೆ, ನಾಲ್ಕು ಫ್ರೇಮ್‌ಗಳನ್ನು ಹತ್ತು ಫೀಲ್ಡ್‌ಗಳಾಗಿ ಹರಡುವ ಕೆಲಸವನ್ನು ಪ್ಲೇಯರ್ ಮಾಡಿಕೊಳ್ಳುತ್ತದೆ. ಫ್ಲ್ಯಾಗ್ ಇಲ್ಲದ 23.976 ಮಾತ್ರ ಮಾನದಂಡಕ್ಕೆ ಹೊಂದುವುದಿಲ್ಲ. 29.97ರ ಬದಲು ದುಂಡಗೆ 30 ಎಂದು ನಮೂದಿಸುವುದೂ ತಪ್ಪು. ಒಂದು ಗಂಟೆಯಲ್ಲಿ ಆ ವ್ಯತ್ಯಾಸ 3.6 ಸೆಕೆಂಡುಗಳಾಗುತ್ತದೆ.

ಉತ್ತರ 3

ಮುಗ್ಗರಿಕೆಗೆ ಫೀಲ್ಡ್‌ಗಳ ಕ್ರಮವೂ ಕಾರಣವಿರಬಹುದು. ಡಿವಿ ಟೇಪಿನ ವಿಡಿಯೊದಲ್ಲಿ ಕೆಳಗಿನ ಫೀಲ್ಡ್ ಮೊದಲು, ಹೈ ಡೆಫಿನಿಷನ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಡಿವಿಡಿ ಎರಡನ್ನೂ ಒಪ್ಪುತ್ತದೆ, ಆದರೆ ಎನ್ಕೋಡರ್‌ಗೆ ಹೇಳಿದ ಕ್ರಮ ಮೂಲದ ಕ್ರಮವೇ ಆಗಿರಬೇಕು. ಇಲ್ಲವಾದರೆ ಚಲನೆ ಮುಂದೆ ಹೋಗಿ ಹಿಂದೆ ಬಂದಂತೆ ಕಂಪಿಸುತ್ತದೆ. ಹೈ ಡೆಫಿನಿಷನ್ ಇಂಟರ್‌ಲೇಸ್ಡ್ ಚಿತ್ರವನ್ನು 576 ಗೆರೆಗಳಿಗೆ ಇಳಿಸುವಾಗ ಸ್ಕೇಲರ್‌ನ (ಚಿತ್ರದ ಅಳತೆ ಬದಲಿಸುವ ಫಿಲ್ಟರ್‌ನ) ಇಂಟರ್‌ಲೇಸ್ಡ್ ಆಯ್ಕೆಯನ್ನು ಬಳಸಲು ಮರೆಯಬೇಡಿ.

ವಿಡಿಯೊದ ಗರಿಷ್ಠ ಬಿಟ್‌ರೇಟ್ ಸೆಕೆಂಡಿಗೆ 9.8 ಮೆಗಾಬಿಟ್, ಧ್ವನಿಯೂ ಸೇರಿ 10.08. ಮಿತಿಯ ಅಂಚಿಗೆ ಹೋಗುವುದಕ್ಕಿಂತ 8ರ ಆಸುಪಾಸಿನಲ್ಲಿ ನಿಲ್ಲುವುದು ಬರೆದ ಡಿಸ್ಕ್‌ಗಳಿಗೆ ಕ್ಷೇಮ. ಧ್ವನಿ 48 ಕಿಲೋಹರ್ಟ್ಸ್ ಆಗಿರಬೇಕು, ಪಾಲ್‌ನಲ್ಲಿ ಒಂದು ಗಾಪ್ (ಒಟ್ಟಿಗೆ ಎನ್ಕೋಡ್ ಆಗುವ ಫ್ರೇಮ್‌ಗಳ ಗುಂಪು) 15 ಫ್ರೇಮ್ ಮೀರಬಾರದು. ಎಫ್‌ಎಫ್‌ಎಂಪೆಗ್‌ನ ಪಾಲ್-ಡಿವಿಡಿ ಟಾರ್ಗೆಟ್ ಎಂಬ ಸಿದ್ಧ ಆಯ್ಕೆ ಇವುಗಳಲ್ಲಿ ಹೆಚ್ಚಿನವನ್ನು ತಾನೇ ಹೊಂದಿಸುತ್ತದೆ, ಇಂಟರ್‌ಲೇಸ್ ಆಯ್ಕೆಗಳನ್ನು ಮಾತ್ರ ನೀವೇ ಕೊಡಬೇಕು. ಹೀಗೆ ಸಿದ್ಧವಾದ ಕಡತಗಳನ್ನು ಮರು-ಎನ್ಕೋಡ್ ಮಾಡದಂತೆ ಆಥರಿಂಗ್ ತಂತ್ರಾಂಶಕ್ಕೆ ಸೂಚಿಸಿ, ಮೊದಲು ಮರುಬಳಕೆಯ ಡಿಸ್ಕ್‌ಗೆ ಬರೆದು ಪ್ಲೇಯರ್‌ನಲ್ಲಿಯೇ ನೋಡಿ.