ಮುಲಾಮು, ಗಿಲೀಟು, ಬಂಗಾರದ ನೀರು: ಆಸ್ಕರ್ ಗೊಂಬೆಗೆ ಯಾವುದು ಒಪ್ಪುತ್ತದೆ?

ಎಲ್ಲರಿಗೂ ಬೀದರ್‌ನಿಂದ ನಮಸ್ಕಾರ. ನಮ್ಮ ಶಾಲೆಯ ಗೋಡೆಪತ್ರಿಕೆಗೆ ಸಿನಿಮಾ ಪಾರಿತೋಷಕಗಳ ಮೇಲೆ ಒಂದು ಪುಟ ಬರೆಯುತ್ತ ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ: ಬೇರೆ ಲೋಹದ ಮೇಲೆ ತೆಳುವಾಗಿ ಚಿನ್ನ ಹತ್ತಿಸುವುದಕ್ಕೆ ಏನನ್ನಬೇಕು?

1929ರಲ್ಲಿ ಮೊದಲು ಕೊಟ್ಟ ಆಸ್ಕರ್ ಕಂಚಿನದು, ಮೇಲೆ ಚಿನ್ನ. ಆಮೇಲೆ ಹಲವು ದಶಕ ಒಳಗಿದ್ದದ್ದು ಬ್ರಿಟಾನಿಯಾ ಲೋಹ, ಅಂದರೆ ಬಹುಪಾಲು ತವರ, ಜೊತೆಗೆ ಒಂದಿಷ್ಟು ಆಂಟಿಮನಿ, ತಾಮ್ರ. 2016ರಿಂದ ಮತ್ತೆ ಕಂಚಿನ ಎರಕ, 24 ಕ್ಯಾರೆಟ್ ಚಿನ್ನ. ಇದಕ್ಕೆಲ್ಲ ‘ಚಿನ್ನದ ಲೇಪ’ ಎಂದು ಬರೆದು ನಿಶ್ಚಿಂತೆಯಿಂದ ಇದ್ದೆ. ಆದರೆ ಎರಡನೇ ಮಹಾಯುದ್ಧದಲ್ಲಿ ಲೋಹ ಸಿಗದೆ ಮೂರು ವರ್ಷ ಪ್ಲಾಸ್ಟರ್ ಗೊಂಬೆಗೆ ಬಣ್ಣ ಬಳಿದು ಕೊಟ್ಟಿದ್ದರು (ಯುದ್ಧ ಮುಗಿದ ಮೇಲೆ ಲೋಹದ್ದಕ್ಕೆ ಬದಲಾಯಿಸಿಕೊಟ್ಟರು). ಅದೂ ಲೇಪವೇ, ಇದೂ ಲೇಪವೇ! ಗಂಧ ಹಚ್ಚಿದರೂ ಲೇಪವೇ.

ಅದರ ಬದಲು ‘ಮುಲಾಮು’ ಎಂದು ಬರೆದೆ. ಒಬ್ಬ ಹುಡುಗ, “ಸುಟ್ಟ ಗಾಯಕ್ಕ ಹಚ್ಚತಾರಲ್ರಿ ಸರ್, ಅದೇನ್ರಿ?” ಅಂದ. ತಪ್ಪು ಅವನದಲ್ಲ. ಹೊಳಪಿನ ‘ಮುಲಮ್ಮಾ’, ಔಷಧದ ‘ಮರ್ಹಮ್’ ಎರಡೂ ಅರಬ್ಬಿಯಿಂದ ಬಂದವು. ಮರಾಠಿ ಅವನ್ನು ಮುಲಾಮಾ, ಮಲಮ್ ಎಂದು ಬೇರೆಯಾಗಿಯೇ ಇಟ್ಟುಕೊಂಡಿದೆ. ಕನ್ನಡದ ಬಾಯಲ್ಲಿ ಎರಡೂ ಮುಲಾಮೇ ಆದವು. ಇನ್ನು ‘ಗಿಲೀಟು’ ಅಂದರೆ ಕಿವಿಗೆ ಬೀಳುವುದೇ ನಕಲಿ ಎಂದು.

ಕೊನೆಗೆ ಪರಿಚಯದ ಬಿದ್ರಿ ಕುಶಲಕರ್ಮಿಯೊಬ್ಬರಿಗೆ ಮೊಬೈಲಿನಲ್ಲಿ ಆಸ್ಕರ್ ಚಿತ್ರ ತೋರಿಸಿದೆ. “ಬಂಗಾರದ ನೀರು ಕೊಟ್ಟಾರ್ರಿ” ಅಂದರು, ತಲೆ ಎತ್ತದೆ. ಹಾಗಾದರೆ ನಿಮ್ಮದು ಬೆಳ್ಳಿ ನೀರೇ ಅಂದೆ. ಕೈಯಲ್ಲಿದ್ದ ಹೂಜಿಯ ಬಳ್ಳಿಯ ಮೇಲೆ ಉಗುರು ಎಳೆದು, “ಇದು ಮ್ಯಾಲ ಕೊಟ್ಟದ್ದಲ್ರಿ, ಒಳಗ ಕೂತದ” ಅಂದರು. ಸತು-ತಾಮ್ರದ ಎರಕದಲ್ಲಿ ಉಳಿಯಿಂದ ಗೀರು ತೆಗೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೋಟೆಯ ಮಣ್ಣು, ನವಸಾಗರ ಎಂಬ ಉಪ್ಪು ಹಾಕಿ ಕಾಯಿಸಿದ ನೀರಿಗೆ ಬಿಟ್ಟರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊಡುವುದು, ಕೂರಿಸುವುದು. ಎರಡು ಕ್ರಿಯಾಪದದಲ್ಲಿ ಅವರು ನನ್ನ ಅರ್ಧ ಪುಟ ತಿದ್ದಿದರು.

‘ನೀರು ಕೊಡು’ ನನಗೆ ಹಿಡಿಸಿದೆ. ಪ್ಲಾಸ್ಟರಿನದಕ್ಕೆ ‘ಬಣ್ಣ ಬಳಿದದ್ದು’ ಸಾಕು. ಈಗ ಕೇಳಬೇಕಾದದ್ದು: ವಿದ್ಯುತ್ತಿನಿಂದ ಚಿನ್ನ ಹತ್ತಿಸುವುದಕ್ಕೂ ನಿಮ್ಮ ಕಡೆ ಅಕ್ಕಸಾಲಿಗರು ‘ನೀರು’ ಅನ್ನುತ್ತಾರೆಯೇ? ಕೊಡುವುದೋ, ಹಾಕುವುದೋ, ಹಿಡಿಸುವುದೋ? ಚಿತ್ರದ ಕೆಳಗೆ ಎರಡೇ ಪದಕ್ಕೆ ಜಾಗ ಇದೆ. ‘ಚಿನ್ನನೀರಿನ ಕಂಚು’ ಎಂದರೆ ಓದುವವರಿಗೆ ತಿಳಿದೀತೇ?