‘ಬೆಸೆ’ಯೋ ‘ಕೂರಿಸು’ವೋ? ಇಂಜಿನ್ನಿಗೆ ಬೇರೆ ಜೋಡಿಯ ಗೇರ್‌ಬಾಕ್ಸ್ ಕೂಡಿಸುವ ಮಾತು

ಪ್ರಶ್ನೆ (ದಾವಣಗೆರೆಯಿಂದ)

ನಮಸ್ಕಾರ. ಐ.ಟಿ.ಐ. ಹುಡುಗರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕಾರಿನ ಇಂಜಿನ್ ಬ್ಲಾಕ್ ಇಳಿಸಿ ಬೇರೆಯದನ್ನು ಹಾಕಿದಾಗ, ಅದರ ಜೋಡಿಯಲ್ಲದ ಗೇರ್‌ಬಾಕ್ಸನ್ನು ಅದಕ್ಕೆ ಕೂಡಿಸುವುದು ಹೇಗೆ ಎಂಬ ಅಧ್ಯಾಯದಲ್ಲಿ ಕೆಲಸ ನಿಂತಿದೆ. ಇಂಗ್ಲಿಷಿನ ‘ಮೇಟ್’ ಎಂಬ ಕ್ರಿಯಾಪದಕ್ಕೆ ಕರಡಿನಲ್ಲಿ ಒಂದು ಕಡೆ ‘ಬೆಸೆಯಿರಿ’, ಒಂದು ಕಡೆ ‘ಸಂಯೋಜಿಸಿರಿ’, ಇನ್ನೊಂದು ಕಡೆ ‘ಜೋಡಿಸಿರಿ’ ಎಂದಿದೆ. ಇಲ್ಲಿ ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ‘ಕುಂದ್ರಿಸು’ ಅಂತಾರೆ. ಅದು ಆಡುಮಾತು, ಅಚ್ಚಿಗೆ ಸಲ್ಲದು ಎಂದು ಪರಿಶೀಲಕರ ಆಕ್ಷೇಪ. ‘ಅಡಾಪ್ಟರ್ ಪ್ಲೇಟ್’, ‘ರನ್‌ಔಟ್’ (ತಿರುಗುವಾಗ ನಡು ತಪ್ಪಿ ಓಲಾಡುವ ದೋಷ) ಇವಕ್ಕೂ ಪದ ಬೇಕಾಗಿದೆ. ಬಲ್ಲವರು ತಿಳಿಸಬೇಕು.

ಉತ್ತರ (ಚಿತ್ರದುರ್ಗದಿಂದ)

ಸರ್, ಮೊದಲು ‘ಬೆಸೆಯಿರಿ’ ಅನ್ನೋದನ್ನು ಹೊಡೆದುಹಾಕಿ. ಬೆಸುಗೆ ಅಂದರೆ ವೆಲ್ಡಿಂಗ್ ಎಂದೇ ಹುಡುಗರಿಗೆ ಗೊತ್ತಿರುವುದು. ಗೇರ್‌ಬಾಕ್ಸಿನ ಮುಂದೆ ಕ್ಲಚ್ಚನ್ನು ಮುಚ್ಚುವ ಅಲ್ಯುಮಿನಿಯಂ ಬೆಲ್ ಹೌಸಿಂಗಿಗೆ ವೆಲ್ಡಿಂಗಿನ ಬೆಂಕಿ ತಾಗಿಸಿದರೆ ಅದು ಸೊಟ್ಟಗಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ‘ಸಂಯೋಜಿಸಿರಿ’ಯಲ್ಲಿ ಕೈ ಏನು ಮಾಡಬೇಕೆಂಬುದೇ ಇಲ್ಲ. ‘ಜೋಡಿಸು’ ತಪ್ಪಲ್ಲ, ಆದರೆ ಬೋಲ್ಟ್ ಹಾಕುವುದೂ ಜೋಡಣೆಯೇ, ವೈರು ಸಿಕ್ಕಿಸುವುದೂ ಜೋಡಣೆಯೇ.

ಗ್ಯಾರೇಜಿನ ಮಾತೇ ಇಲ್ಲಿ ಸರಿ. ನಿಮ್ಮ ಕಡೆ ಕುಂದ್ರಿಸು, ನಮ್ಮ ಕಡೆ ಕೂರಿಸು, ಬರಹಕ್ಕೆ ‘ಕೂರಿಸು’ ಸಾಕು. ಇದನ್ನು ಹಿಡಿಯಲು ಕಾರಣ ಅದರ ಜೊತೆಗಾರ ‘ಕೂರು’. ಕೆಲಸದ ನಡುವೆ ಮೇಸ್ತ್ರಿ ಕೇಳುವುದು ‘ಕೂರಿಸಿದೆಯಾ?’ ಎಂದಲ್ಲ, ‘ಕುಂತೈತಾ?’ ಎಂದು. ಗೇರ್‌ಬಾಕ್ಸ್ ತಾನಾಗಿ ಕೂರಬೇಕು, ಬೋಲ್ಟಿನಿಂದ ಎಳೆಸಿಕೊಂಡು ಬರಬಾರದು. ಎರಡು ಮುಖಗಳು ಕೈಯೊತ್ತಿಗೇ ಸುತ್ತಲೂ ಅಂಟಬೇಕು, ಆಮೇಲೆ ‘ಬಿಗಿ’. ಕೂರುವುದು ಬೇರೆ, ಬಿಗಿಯುವುದು ಬೇರೆ ಎಂಬ ಈ ಭೇದವನ್ನು ಕನ್ನಡ ತಾನೇ ಇಟ್ಟುಕೊಂಡಿದೆ. ಅದನ್ನು ಕೈಪಿಡಿ ಅಳಿಸಿಹಾಕಿದರೆ ಹುಡುಗ ಸ್ಪ್ಯಾನರ್ ಹಿಡಿದು ಎಳೆಯುತ್ತಾನೆ. ಹೌಸಿಂಗಿನ ಕಿವಿ ಮುರಿಯುವುದು, ಕ್ಲಚ್ ಪ್ಲೇಟಿನ ನಡು ಬಾಗುವುದು ಅಲ್ಲೇ.

ಕೈಯೊತ್ತಿಗೆ ಕೂರದಿದ್ದರೆ ಕಾರಣ ಹುಡುಕಬೇಕು. ಕ್ಲಚ್ ಪ್ಲೇಟ್ ನಡುವಿಗೆ ಬಂದಿರುವುದಿಲ್ಲ, ಇಲ್ಲವೇ ಸ್ಪ್ಲೈನಿನ (ಶಾಫ್ಟಿನ ಉದ್ದಕ್ಕೂ ಕೊರೆದ ಗೀರುಗಳ) ಹಲ್ಲು ಹಲ್ಲಿಗೆ ಎದುರಾಗಿರುತ್ತದೆ. ಗೇರ್ ಹಾಕಿ ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜನ್ನು (ಹೊರಬರುವ ಶಾಫ್ಟಿನ ಬಿಲ್ಲೆಯಂಥ ತುದಿ) ಕೈಯಲ್ಲಿ ತುಸು ತಿರುಗಿಸಿದರೆ ಹಲ್ಲು ಸಂದಿಗೆ ಇಳಿಯುತ್ತದೆ. ಎರಡು ಮುಖಗಳ ಜಾಗ ಹಿಡಿಯುವ ಗೂಟ, ಅಂದರೆ ಡೋವೆಲ್ ಪಿನ್, ಇಳಿಯುವ ತೂತಿನ ಬಾಯಲ್ಲಿ ಲೋಹದ ಅಂಚು ಎದ್ದಿರಬಹುದು. ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟುಗಳನ್ನು ಎದುರುಬದುರಾಗಿ ಹಾಕಿ ಅವುಗಳ ಮೇಲೆ ಜಾರಿಸಿದರೆ ಗೇರ್‌ಬಾಕ್ಸಿನ ಭಾರ ಕ್ಲಚ್ ಪ್ಲೇಟಿನ ಮೇಲೆ ಜೋತುಬೀಳುವುದಿಲ್ಲ.

ಇದಿಷ್ಟೂ ಜೋಡಿ ಸರಿಯಿದ್ದಾಗಲೂ ಇರುವುದೇ. ಜೋಡಿ ಬೇರೆಯಾದಾಗ ತೊಡಕು ಆಳದ್ದು. ಅಂಬಾಸಿಡರನ್ನೇ ನೋಡಿ. ಹಳೆಯದರ ಇಂಜಿನ್ 1489 ಸಿ.ಸಿ.ಯದು, ಗೇರ್ ನಾಲ್ಕು. 1990ರ ದಶಕದಲ್ಲಿ ಇಸುಜು ಇಂಜಿನ್ ಬಂದಾಗ ಐದು ಗೇರಿನ ತನ್ನದೇ ಪೆಟ್ಟಿಗೆಯನ್ನು ಜೊತೆಗೇ ತಂದಿತು. ಒಂದೇ ಹೆಸರಿನ ಗಾಡಿ ಎಂದು ಒಂದರ ಇಂಜಿನ್ನಿಗೆ ಇನ್ನೊಂದರ ಪೆಟ್ಟಿಗೆ ಹಿಡಿದರೆ ಬೋಲ್ಟಿನ ತೂತುಗಳು ಎದುರಾಗುವುದಿಲ್ಲ. ಎರಡೂ ಒಳ್ಳೆಯ ಎತ್ತೇ, ಆದರೆ ನೊಗದ ಎತ್ತರ ಬೇರೆ. ‘ಅಸಂಗತ’ ಎನ್ನುವುದಕ್ಕಿಂತ ‘ಬೇರೆ ಜೋಡಿಯ ಗೇರ್‌ಬಾಕ್ಸ್’ ಎಂದರೆ ಹುಡುಗರಿಗೆ ತಟ್ಟನೆ ಹೊಳೆಯುತ್ತದೆ.

ಎರಡರ ನಡುವೆ ಬರುವುದೇ ಅಡಾಪ್ಟರ್ ಪ್ಲೇಟ್. ‘ನಡುತಟ್ಟೆ’ ಎಂದು ಒಮ್ಮೆ ಅರ್ಥ ಹೇಳಿ, ಮುಂದೆ ಅಡಾಪ್ಟರ್ ಪ್ಲೇಟ್ ಎಂದೇ ಬರೆಯಿರಿ. ಲೇತಿನವನ ಹತ್ತಿರ ಹೋಗಿ ನಡುತಟ್ಟೆ ಕೇಳಿದರೆ ಅವನು ಮುಖ ನೋಡುತ್ತಾನೆ. ನನ್ನ ಮಾತು ಇಷ್ಟೇ: ವಸ್ತುವಿನ ಹೆಸರು ಇಂಗ್ಲಿಷಿಂದ ಬಂದಿದ್ದರೆ ಬರಲಿ, ಕೈಯ ಕೆಲಸಕ್ಕೆ ಕ್ರಿಯಾಪದ ಕನ್ನಡದ್ದೇ ಇರಲಿ.

ಪ್ಲೇಟಿನ ದಪ್ಪವನ್ನು ಕೈಪಿಡಿ ಬಿಡಿಸಿ ಹೇಳಬೇಕು. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ. 12 ಮಿ.ಮೀ. ಪ್ಲೇಟ್ ಹಾಕಿದರೆ ಇಡೀ ಗೇರ್‌ಬಾಕ್ಸ್ 12 ಮಿ.ಮೀ. ಹಿಂದೆ ಸರಿಯುತ್ತದೆ. ಇನ್‌ಪುಟ್ ಶಾಫ್ಟಿನ ಮೂಗು ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟ್) ತುದಿಯಲ್ಲಿ ಆ ಮೂಗನ್ನು ಹಿಡಿಯುವ ಪೈಲಟ್ ಬೇರಿಂಗಿನೊಳಗೆ 15 ಮಿ.ಮೀ. ಹೋಗುವಂತಿದ್ದರೆ ಈಗ ಹೋಗುವುದು 3 ಮಾತ್ರ. ಹಿಡಿತವಿಲ್ಲದ ಮೂಗು ಅಲ್ಲಾಡುತ್ತದೆ, ಬೇರಿಂಗನ್ನು ಸವೆಸುತ್ತದೆ, ಟಾಪ್ ಗೇರ್ ತಾನಾಗಿ ಕಳಚುತ್ತದೆ. ಮೂಗು ಉದ್ದವಾದರೂ ಕೇಡೇ. ಅದು ಕ್ರ್ಯಾಂಕಿನ ತಳಕ್ಕೆ ತಾಗಿ ಮುಖಗಳ ನಡುವೆ ಸಂದಿ ಉಳಿಯುತ್ತದೆ. ಆಗ ಬಿಗಿದರೆ ಒತ್ತಡವೆಲ್ಲ ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರಿನ ಮೇಲೆ. ಆದ್ದರಿಂದ ಕೂರಿಸುವ ಮುನ್ನ ಎರಡು ಅಳತೆ: ಬ್ಲಾಕಿನ ಮುಖದಿಂದ ಪೈಲಟ್ ಬಾಯಿಗೆ, ಹೌಸಿಂಗಿನ ಮುಖದಿಂದ ಮೂಗಿನ ತುದಿಗೆ. ಮೊದಲನೆಯದಕ್ಕೆ ಪ್ಲೇಟಿನ ದಪ್ಪ ಸೇರಿಸಿ ಎರಡನೆಯದರಿಂದ ಕಳೆದರೆ ಮೂಗು ಎಷ್ಟು ಒಳಗೆ ಹೋಗುತ್ತದೆಂದು ಗೊತ್ತಾಗುತ್ತದೆ. ಕಡಿಮೆಯಾದರೆ ಮುಂಚಾಚಿದ ಕಂಚಿನ ಬುಷ್ ಲೇತಿನಲ್ಲಿ ಮಾಡಿಸಬೇಕು. ಬುಷ್ ಹೊಡೆದ ಮೇಲೆ ಅದರ ಒಳತೂತು ಕಿರಿದಾಗುತ್ತದೆ, ಶಾಫ್ಟ್ ಹಿಡಿದು ಮತ್ತೆ ನೋಡಬೇಕು.

ಕ್ಲಚ್ ವಿಚಾರದಲ್ಲಿ ಒಂದು ಸಾಲು ಸಾಕು: ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಗೇರ್‌ಬಾಕ್ಸಿನ ಲೆಕ್ಕದ್ದು, ಹೊರಸುತ್ತು ಮತ್ತು ಕವರ್ ಫ್ಲೈವೀಲಿನ (ಕ್ರ್ಯಾಂಕಿನ ತುದಿಯ ಭಾರಿ ಚಕ್ರ) ಲೆಕ್ಕದ್ದು. ಸ್ಟಾರ್ಟರ್ ಹೌಸಿಂಗಿನ ಮೇಲೆ ಕೂರುವಂಥದ್ದಾದರೆ ಅದೂ ಅಡಾಪ್ಟರ್ ಪ್ಲೇಟಿನ ದಪ್ಪದಷ್ಟು ಹಿಂದೆ ಹೋಗಿರುತ್ತದೆ, ಅದರ ಪಿನಿಯನ್ (ಸಣ್ಣ ಹಲ್ಲುಚಕ್ರ) ಫ್ಲೈವೀಲಿನ ಸುತ್ತಲಿನ ರಿಂಗ್ ಗೇರಿಗೆ ಮುಟ್ಟುತ್ತದೆಯೇ ಎಂದು ಮೊದಲೇ ನೋಡಬೇಕು.

‘ರನ್‌ಔಟ್’ ಪದ ನಮ್ಮಲ್ಲಿ ಆಗಲೇ ಇದೆ. ಸೈಕಲ್ ಅಂಗಡಿಯಲ್ಲಿ ‘ರಿಮ್ ಔಟ್ ಆಗೈತೆ’ ಅನ್ನುವ ಔಟ್ ಅದೇ. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನೇ ಮಾಡುತ್ತಿತ್ತು. ಲೇತಿನ ಮಾತು ಈ ಸೀಮೆಗೆ ಹೊರಗಿನದಲ್ಲ. ‘ಔಟ್’ ಎಂದೇ ಬರೆಯಿರಿ.

ಮರುಪ್ರಶ್ನೆ (ದಾವಣಗೆರೆಯಿಂದ)

‘ಕೂರಿಸು’ ಒಪ್ಪಿದೆ ಸರ್, ಪರಿಶೀಲಕರಿಗೂ ಈ ಕಾರಣ ತೋರಿಸುವೆ. ಆದರೆ ‘ಔಟ್’ ಬಗ್ಗೆ ಒಂದು ಗೊಂದಲ. ಮೂಲದಲ್ಲಿ ಎರಡು ಅಳತೆಗಳಿವೆ, ಒಂದು ಇನ್ನೊಂದರ ಎರಡರಷ್ಟು. ಕರಡಿನಲ್ಲಿ ಎರಡಕ್ಕೂ ‘ಔಟ್’ ಎಂದರೆ ತಪ್ಪಾಗುವುದಿಲ್ಲವೇ?

ಉತ್ತರ (ಚಿತ್ರದುರ್ಗದಿಂದ)

ಖಂಡಿತ ತಪ್ಪಾಗುತ್ತದೆ, ಒಳ್ಳೆಯ ಕಡೆ ಬೆರಳಿಟ್ಟಿರಿ. ಡಯಲ್ ಗೇಜನ್ನು (ಮುಳ್ಳಿನಿಂದ ಅಳತೆ ತೋರಿಸುವ ಸಾಧನ) ಮ್ಯಾಗ್ನೆಟ್ ಬುಡದಿಂದ ಫ್ಲೈವೀಲಿಗೆ ನಿಲ್ಲಿಸಿ, ಅದರ ಕಡ್ಡಿಯನ್ನು ಹೌಸಿಂಗಿನ ದುಂಡು ಬಾಯಿಯ ಒಳಗೋಡೆಗೆ ತಾಗಿಸಿ, ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸುತ್ತಾರೆ. ಮುಳ್ಳು ಕಡಿಮೆಯಿಂದ ಹೆಚ್ಚಿಗೆ ಒಟ್ಟು 0.30 ಮಿ.ಮೀ. ಓಡಿದರೆ ನಡು ನಿಜವಾಗಿ ಸರಿದಿರುವುದು ಅದರ ಅರ್ಧ, 0.15. ಮೊದಲನೆಯದಕ್ಕೆ ‘ಮುಳ್ಳಿನ ಓಟ’, ಎರಡನೆಯದಕ್ಕೆ ‘ನಡು ಸರಿತ’ ಎಂದು ಬೇರೆ ಬೇರೆ ಹೆಸರು ಕೊಡಿ. ‘ಔಟ್’ ಎಂಬುದು ದೋಷದ ಹೆಸರಾಗಿ ಮಾತ್ರ ಉಳಿಯಲಿ. ತಯಾರಕರು ಬೇರೆ ಮಿತಿ ಕೊಟ್ಟಿರದಿದ್ದರೆ ನಡು ಸರಿತ 0.13 ಮಿ.ಮೀ. ಒಳಗಿರಬೇಕು ಎಂಬುದು ರೂಢಿ, ಅಂದರೆ ಮುಳ್ಳಿನ ಓಟ ಸುಮಾರು 0.25. ಹೆಸರು ಬೆರೆತರೆ ಹುಡುಗ 0.25ನ್ನೇ ಸರಿತದ ಮಿತಿ ಎಂದುಕೊಂಡು, 0.50 ಓಡುವ ಹೌಸಿಂಗನ್ನೂ ಪಾಸು ಮಾಡುತ್ತಾನೆ.

ಮಿತಿ ಮೀರಿದರೆ ಡೋವೆಲ್ ತೂತನ್ನು ಅರದಿಂದ ದೊಡ್ಡದು ಮಾಡಬಾರದು. ಅರ್ಧ ಮೈ ಪಕ್ಕಕ್ಕೆ ಸರಿದಿರುವ ಡೋವೆಲ್ ಪಿನ್ ಹಾಕಿ, ಅದನ್ನು ತಿರುಗಿಸುತ್ತ ನಡುವನ್ನು ಎಳೆದು ತರಬೇಕು. ಇದಕ್ಕೆ ಗ್ಯಾರೇಜಿನಲ್ಲಿ ‘ಸೆಂಟರ್ ಹಿಡಿಯೋದು’ ಅಂತಾರೆ. ಕೈಪಿಡಿಯಲ್ಲಿ ‘ನಡು ಹಿಡಿಯಿರಿ’ ಎನ್ನಿ. ಅನುಕ್ರಮ ಹೀಗೆ ಬರಲಿ: ನಡು ಹಿಡಿಯಿರಿ, ಕೂರಿಸಿರಿ, ಕೂತಿದೆಯೇ ಎಂದು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಪಟ್ಟಿ) ಸುತ್ತಲೂ ನೋಡಿರಿ, ಬಿಗಿಯಿರಿ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆಯೂ ಅಧ್ಯಾಯದಲ್ಲಿದ್ದರೆ ‘ಕೂರು’ ಅಲ್ಲಿ ಇನ್ನೂ ಮುಖ್ಯ. ಅಲ್ಲಿ ಕ್ಲಚ್ಚಿನ ಬದಲು ಇರುವ, ಎಣ್ಣೆಯಿಂದ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್ ಮೊದಲು ಗೇರ್‌ಬಾಕ್ಸಿನೊಳಗೆ ಪೂರ್ತಿ ಕೂತಿರಬೇಕು. ತಿರುಗಿಸುತ್ತ ಒತ್ತಿದರೆ ಅದು ಹಂತಹಂತವಾಗಿ ಒಳಗಿಳಿಯುತ್ತದೆ, ಕೊನೆಯ ಹಂತದಲ್ಲಿ ಪಂಪಿನ ಹಲ್ಲಿಗೆ ಸಿಗುತ್ತದೆ. ಹೌಸಿಂಗ್ ಬ್ಲಾಕಿಗೆ ಅಂಟಿದ ಮೇಲೂ ಕನ್ವರ್ಟರಿಗೂ ಫ್ಲೆಕ್ಸ್ ಪ್ಲೇಟಿಗೂ (ಫ್ಲೈವೀಲಿನ ಬದಲಿಗಿರುವ ತೆಳು ತಟ್ಟೆ) ನಡುವೆ ಒಂದೆರಡು ಮಿ.ಮೀ. ಸಂದಿ ಕಾಣಬೇಕು. ಸಂದಿ ಇಲ್ಲದಿದ್ದರೆ ಅದು ಕೂತಿಲ್ಲ. ಬಿಗಿದ ಕೂಡಲೇ ಪಂಪ್ ಒಡೆಯುತ್ತದೆ.