ಸೆಲ್ಫ್ ಹೆಲ್ಪ್ ಪುಸ್ತಕ ಓದಿ ಅಂಗಡಿ ಲೆಕ್ಕ ಕಲಿಯಬಹುದಾ?

ಮಂಡ್ಯ ಟೈಲರಕ್ಕ:

ಎಲ್ಲರಿಗೂ ನಮಸ್ಕಾರ. ಮಂಡ್ಯದ ಗುತ್ತಲು ರಸ್ತೆ ಕಡೆ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್, ಜಿಗ್‌ಜಾಗ್. ಒಳಗಡೆ ಒಂದು ಪರದೆ ಕಟ್ಟಿ ಐಬ್ರೋ, ಫೇಶಿಯಲ್ ಕೂಡ ಶುರು ಮಾಡಬೇಕು ಅಂತಿದ್ದೇನೆ. ಕೆಲಸಕ್ಕೇನೂ ಬರ ಇಲ್ಲ. ದುಡ್ಡು ಮಾತ್ರ ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ. ಗಲ್ಲಾದಿಂದ ತೆಗೆದು ಹಾಲಿನವನಿಗೆ ಕೊಡುತ್ತೇನೆ, ಮಗನ ಟ್ಯೂಷನ್ ಫೀಸಿಗೆ ಕೊಡುತ್ತೇನೆ. ತಿಂಗಳ ಕೊನೆಗೆ ನೋಡಿದರೆ ಲೈನಿಂಗ್ ಬಟ್ಟೆಯವನಿಗೆ ಬಾಕಿ.

ಹೋದ ದಸರಾದಲ್ಲಿ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋದಾಗ ಮೂರು ಪುಸ್ತಕ ತಂದೆ. ಒಂದು ದುಡ್ಡಿನ ಬಗ್ಗೆ, ಒಂದು ಬಿಸಿನೆಸ್ ಬಗ್ಗೆ, ಇನ್ನೊಂದು ಚರ್ಮ-ಕೂದಲಿನ ಆರೈಕೆ. ಮೂರೂ ಅನುವಾದ. ಓದುವಾಗ ಮೈ ಜುಮ್ ಅನ್ನುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ನಾಳೆ ಅಂಗಡಿ ಬಾಗಿಲು ತೆಗೆದು ಏನು ಮಾಡಲಿ ಅಂದರೆ ಉತ್ತರ ಸಿಗುವುದಿಲ್ಲ. ಬೆಳಿಗ್ಗೆ 5ಕ್ಕೆ ಏಳಿ ಅಂತ ಬರೆದಿದ್ದಾರೆ. ನಮ್ಮ ಬೀದಿಗೆ ನೀರು ಬಿಡೋದೇ ಆಗ, ನಾನು ಏಳದೆ ಇನ್ಯಾರು ಏಳುತ್ತಾರೆ? ಸಂಬಳ ಬಂದ ದಿನವೇ ಹತ್ತರಲ್ಲಿ ಒಂದು ಪಾಲು ತೆಗೆದಿಡಿ ಅಂತಲೂ ಇದೆ. ನನಗೆ ಸಂಬಳ ಕೊಡೋರು ಯಾರು? ಗೌರಿ ಹಬ್ಬದ ಮುಂಚೆ ರಾತ್ರಿ 11ರವರೆಗೂ ಹೊಲಿಯುತ್ತೇನೆ. ಆಷಾಢದಲ್ಲಿ ಫಾಲ್ ಹಾಕಿಸುವುದಕ್ಕೂ ಜನ ಬರುವುದಿಲ್ಲ.

ಆರೈಕೆ ಪುಸ್ತಕದಲ್ಲಂತೂ ಹೀಟರ್ ಹಾಕಿದ ಕೋಣೆಯಲ್ಲಿ ಚರ್ಮ ಒಣಗದಂತೆ ನೋಡಿಕೊಳ್ಳೋದು ಹೇಗೆ ಅಂತ ಒಂದು ಅಧ್ಯಾಯವೇ ಇದೆ. ಮಂಡ್ಯದಲ್ಲಿ ಹೀಟರ್!

ಇಂಥ ಪುಸ್ತಕ ಓದಿ ನಿಜವಾಗಿ ಕೈಗೆ ಹತ್ತುವಂಥದ್ದು ಕಲಿತವರು ಯಾರಾದರೂ ಇದ್ದೀರಾ? ಯಾವ ಥರದ ಪುಸ್ತಕ ಹುಡುಕಬೇಕು? "ಧೈರ್ಯವಾಗಿರಿ ಅಕ್ಕ" ಅಂತ ಮಾತ್ರ ಬರೆಯಬೇಡಿ. ಧೈರ್ಯ ಬೇಕಾದಷ್ಟಿದೆ.

ಪಾಂಡವಪುರದ ಹುಡುಗ:

ಅಕ್ಕ, ಆ ಪುಸ್ತಕಗಳಿಂದ ಉದ್ಧಾರ ಆಗೋದು ಬರೆದವನು ಮಾತ್ರ. ನಮ್ಮಣ್ಣ ಒಂದು ಕಪಾಟು ತುಂಬ ಓದಿದ್ದಾನೆ. ಈಗಲೂ ಬೈಕಿಗೆ ಪೆಟ್ರೋಲ್ ಹಾಕಿಸೋಕೆ ನನ್ನ ಹತ್ತಿರ ಕೇಳುತ್ತಾನೆ. ಸುಮ್ನೆ ಯೂಟ್ಯೂಬ್ ನೋಡಿ, ಎಲ್ಲಾ ಅಲ್ಲೇ ಇದೆ.

ಸರಸ್ವತಿಪುರಂ ಲೈಬ್ರೇರಿಯನ್:

ಮೈಸೂರಿನ ಕಾಲೇಜೊಂದರಲ್ಲಿ ಲೈಬ್ರೇರಿಯನ್ ಆಗಿದ್ದೇನೆ. ಹುಡುಗನ ಮಾತು ಪೂರ್ತಿ ಒಪ್ಪುವುದಿಲ್ಲ. ಟೈಲರಕ್ಕ, ನೀವು ನಿಂತಿದ್ದ ಕಪಾಟು ಬೇರೆ, ನಿಮಗೆ ಬೇಕಿದ್ದ ಕಪಾಟು ಬೇರೆ ಅನ್ನಿಸುತ್ತದೆ.

ಡ್ಯೂಯಿ ಎಂಬ ಅಮೆರಿಕದವರು 1876ರಲ್ಲಿ ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡುವ ಪದ್ಧತಿ ಪ್ರಕಟಿಸಿದರು. ನಮ್ಮ ಲೈಬ್ರರಿಯಲ್ಲೂ ಅದೇ ಇದೆ. ಹುರುಪು ತುಂಬುವ, ಗುರಿ ಇಟ್ಟುಕೊಳ್ಳಿ ಅನ್ನುವ ಪುಸ್ತಕಗಳು 158ರಲ್ಲಿ ಇರುತ್ತವೆ. ಅದು ಮನಶ್ಶಾಸ್ತ್ರದ ಸಾಲು. ಲೆಕ್ಕ ಬರೆಯುವುದು 657. ವ್ಯಾಪಾರ ನಡೆಸುವುದು 658. ಸ್ವಂತ ದುಡ್ಡಿನ ವಿಚಾರ 332ರ ಒಳಗೆ. ಇನ್ನೊಂದು ತಮಾಷೆ ನೋಡಿ: ಬಟ್ಟೆ ಹೊಲಿಯುವುದು, ಮುಖ-ಕೂದಲು ನೋಡಿಕೊಳ್ಳುವುದು ಎರಡೂ 646ರಲ್ಲೇ ಬರುತ್ತವೆ. ನಿಮ್ಮ ಅಂಗಡಿಗೆ ಪರದೆಯೇ ಬೇಕಾಗಿಲ್ಲ!

ಅಂಗಡಿಗಳಲ್ಲಿ ಇವನ್ನೆಲ್ಲ ಒಂದೇ ರಾಶಿ ಹಾಕಿ "ವ್ಯಕ್ತಿತ್ವ ವಿಕಸನ" ಅಂತ ಬೋರ್ಡ್ ಬರೆದಿರುತ್ತಾರೆ. ಅಲ್ಲಿ ಕೈಗೆ ಮೊದಲು ಸಿಗೋದು 158ರವೇ. ಬಣ್ಣದ ರಕ್ಷಾಪುಟ ಜಾಸ್ತಿ.

ನಿಮಗೆ ನಾನು ಕೊಡುವುದಾದರೆ ಪಿಯುಸಿ ಮಕ್ಕಳ ಲೆಕ್ಕಶಾಸ್ತ್ರದ ಪುಸ್ತಕ ಕೊಡುತ್ತೇನೆ. ನಗಬೇಡಿ. ಅದರ ಶುರುವಿನಲ್ಲೇ ಒಂದು ನಿಯಮ ಇದೆ: ಮಾಲೀಕರು ಬೇರೆ, ವ್ಯಾಪಾರ ಬೇರೆ. ಹಾಲಿನವನಿಗೆ ಗಲ್ಲಾದಿಂದ ಕೊಟ್ಟದ್ದು ಅಂಗಡಿಯ ಖರ್ಚಲ್ಲ. ಮಾಲೀಕರು ಸ್ವಂತಕ್ಕೆ ತೆಗೆದದ್ದು. ಅದಕ್ಕೆ ಡ್ರಾಯಿಂಗ್ಸ್ ಅಂತಾರೆ, ಅದನ್ನು ಬೇರೆ ಬರೆಯಬೇಕು. ಕ್ಯಾಶ್ ಪುಸ್ತಕದ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ. ಮಗನ ಹತ್ತಿರವೂ ಹೇಳಿಸಿಕೊಳ್ಳಬಹುದು.

ಕೊಳ್ಳುವ ಮುಂಚೆ ಅಚ್ಚಾದ ವರ್ಷ ನೋಡಿ. ಕೂಡುವುದು ಕಳೆಯುವುದು ಹಳೆಯದಾಗುವುದಿಲ್ಲ, ತೆರಿಗೆ ಹಳೆಯದಾಗುತ್ತದೆ. ಜಿಎಸ್‌ಟಿ ಬಂದದ್ದು 2017ರ ಜುಲೈಯಲ್ಲಿ. ಅದಕ್ಕೂ ಮುಂಚಿನ ವ್ಯಾಪಾರದ ಪುಸ್ತಕದಲ್ಲಿ ಆಗಿನ ಮಾರಾಟ ತೆರಿಗೆ ವ್ಯಾಟ್ ಬಗ್ಗೆ ಪುಟಗಟ್ಟಲೆ ಇರುತ್ತದೆ.

ಆರೈಕೆ ಪುಸ್ತಕಕ್ಕೆ ನನ್ನದೊಂದು ಪರೀಕ್ಷೆ ಇದೆ. ಕೂದಲಿಗೆ ಬಣ್ಣ ಹಚ್ಚುವ ಪುಟ ತೆಗೆಯಿರಿ. ಹಚ್ಚುವ 48 ಗಂಟೆ ಮುಂಚೆ ಚರ್ಮದ ಮೇಲೆ ಸ್ವಲ್ಪ ಹಚ್ಚಿ ಅಲರ್ಜಿ ಆಗುತ್ತದಾ ನೋಡಿ ಅಂತ ಬರೆದಿದೆಯೇ? ಬಹಳಷ್ಟು ಕಪ್ಪು ಡೈಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದರಿಂದ ಮುಖವೇ ಊದಿಕೊಳ್ಳುತ್ತದೆ. ಈ ಒಂದು ಸಾಲು ಇಲ್ಲದ ಪುಸ್ತಕವನ್ನು ವಾಪಸ್ ಇಟ್ಟುಬಿಡಿ. ಐಬ್ರೋ, ಫೇಶಿಯಲ್ ಮಾತ್ರ ಓದಿ ಕಲಿಯಲು ಹೋಗಬೇಡಿ, ಇನ್ನೊಬ್ಬರ ಮುಖದ ವಿಷಯ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಈ ಮಾದರಿ ಶುರುವಾದದ್ದೇ 1982ರಲ್ಲಿ ನಮ್ಮ ಉಜಿರೆಯಲ್ಲಿ, ರುಡ್‌ಸೆಟ್ ಹೆಸರಿನಲ್ಲಿ. ತರಬೇತಿ, ಊಟ, ವಸತಿ ಉಚಿತ. ಬ್ಯೂಟಿ ಪಾರ್ಲರ್ ತರಬೇತಿಯ ಮುಂದಿನ ಬ್ಯಾಚ್ ಯಾವಾಗ ಅಂತ ನಿಮ್ಮ ಬ್ಯಾಂಕಿನಲ್ಲೇ ವಿಚಾರಿಸಿ.

ಮದ್ದೂರು ನಿವೃತ್ತ ಬ್ಯಾಂಕಿನವರು:

ನೋಡಮ್ಮ, ಲೈಬ್ರೇರಿಯನ್ ಮೇಡಂ ಹೇಳಿದ ಮೇಲೆ ನಾನು ಹೇಳೋದು ಸ್ವಲ್ಪವೇ. ಸಂಬಳ ಕೊಡೋರು ಯಾರು ಅಂದೆಯಲ್ಲ, ನೀನೇ. ಒಂದು ಮೊತ್ತ ಗೊತ್ತು ಮಾಡು. ತಿಂಗಳಿಗೊಮ್ಮೆ ಅಂಗಡಿ ಖಾತೆಯಿಂದ ಮನೆ ಖಾತೆಗೆ ಹಾಕು. ಶ್ರಾವಣದಿಂದ ದಸರಾವರೆಗೆ ಜಾಸ್ತಿ ಬಂದರೂ ಅಷ್ಟೇ ತಗೋ. ಉಳಿದದ್ದು ಆಷಾಢಕ್ಕೆ ಇರಲಿ.

ಒಂದು ಬ್ಲೌಸಿಗೆ ನಿನಗೆ ಎಷ್ಟು ಉಳಿಯುತ್ತದೆ, ಬರೆದು ನೋಡಿದ್ದೀಯಾ? ಸುಮ್ನೆ ಒಂದು ಲೆಕ್ಕ ಹಾಕೋಣ. ಲೈನಿಂಗ್ ಬ್ಲೌಸಿಗೆ 400 ರೂಪಾಯಿ ತಗೊಳ್ಳುತ್ತೀಯ ಅಂದುಕೋ. ಲೈನಿಂಗ್ ಬಟ್ಟೆ 70, ದಾರ-ಹುಕ್ಕು 15. ಅಂಗಡಿ ಬಾಡಿಗೆ 4,500, ತಿಂಗಳಿಗೆ 60 ಬ್ಲೌಸ್ ಆದರೆ ಒಂದರ ಮೇಲೆ 75. ಉಳಿದದ್ದು 240. ಎರಡೂವರೆ ಗಂಟೆ ಕೆಲಸ ಅಂದರೆ ಗಂಟೆಗೆ 96 ರೂಪಾಯಿ. ಕರೆಂಟು ಇನ್ನೂ ಸೇರಿಸಿಲ್ಲ. ನಿನ್ನ ಅಂಕಿಗಳನ್ನು ಹಾಕಿಕೊಂಡು ನೀನೇ ಮಾಡು.

ಪುಸ್ತಕಗಳಲ್ಲಿ ಬರುವ 72ರ ಸೂತ್ರ ಮಾತ್ರ ಎಲ್ಲಾ ದೇಶಕ್ಕೂ ಹೊಂದುತ್ತದೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗುವ ವರ್ಷ ಸುಮಾರಾಗಿ ಸಿಗುತ್ತದೆ. ಶೇಕಡಾ 6ಕ್ಕೆ ಇಟ್ಟರೆ 12 ವರ್ಷ. ಇದನ್ನೇ ತಿರುಗಿಸಿ ಸಾಲಕ್ಕೆ ಹಾಕು. ನೂರಕ್ಕೆ ತಿಂಗಳಿಗೆ 2 ರೂಪಾಯಿ ಅಂದರೆ ಕೇಳೋಕೆ ಚಿಕ್ಕದು, ವರ್ಷಕ್ಕೆ ಶೇಕಡಾ 24 ಆಯಿತು. ಬಡ್ಡಿ ಕಟ್ಟದೆ ಬಿಟ್ಟು ಅದಕ್ಕೂ ಬಡ್ಡಿ ಬಿದ್ದರೆ ಮೂರೇ ವರ್ಷಕ್ಕೆ ಸಾಲ ಎರಡರಷ್ಟು. ಪಾರ್ಲರ್ ಕುರ್ಚಿ, ಕನ್ನಡಿಗೆ ದುಡ್ಡು ಬೇಕಾದರೆ ಕೈಸಾಲಕ್ಕೆ ಹೋಗಬೇಡ. ಸಣ್ಣ ವ್ಯಾಪಾರಕ್ಕೆ ಬ್ಯಾಂಕಿನಲ್ಲಿ ಸಿಗುವ ಸರ್ಕಾರದ ಮುದ್ರಾ ಯೋಜನೆಯಲ್ಲಿ 'ಶಿಶು' ಅನ್ನುವ ಸಾಲ 50,000ದವರೆಗೆ ಇದೆ, ಅಡಮಾನ ಕೇಳುವುದಿಲ್ಲ.

ಇನ್ನು ಜಿಎಸ್‌ಟಿ. ಹೊಲಿಗೆ, ಪಾರ್ಲರ್ ಎರಡೂ ಸೇವೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಆದರೂ ಬರೆದಿಡು. 2025ರಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಿತ್ತು, ನೆನಪಿದೆಯಲ್ಲ? ತಮ್ಮನಿಂದ ಬಂದ ಕೈಸಾಲವೂ ಗಿರಾಕಿ ಕೊಟ್ಟ ದುಡ್ಡೂ ಒಂದೇ ಖಾತೆಗೆ ಬಿದ್ದಿದ್ದರೆ ಯಾವುದು ಯಾವುದು ಅಂತ ಹೇಗೆ ತೋರಿಸುತ್ತೀಯ?

ಮಂಡ್ಯ ಟೈಲರಕ್ಕ:

ಸರ್, ಲೆಕ್ಕ ಹಾಕಿದೆ. ನಿಮ್ಮ 400, 70, 15 ಹೆಚ್ಚುಕಮ್ಮಿ ನನ್ನ ಅಂಕಿಗಳೇ, ಹೇಗೆ ಗೊತ್ತಾಯಿತೋ! ಬಾಡಿಗೆ ಬಿಟ್ಟು ನೋಡಿದರೆ ಸಾದಾ ಬ್ಲೌಸಿಗೆ ಗಂಟೆಗೆ 126 ಬರುತ್ತಿದೆ. ಬ್ಯಾಕ್ ನೆಕ್ ಡಿಸೈನ್, ಪೈಪಿಂಗ್ ಇರುವುದಕ್ಕೆ 600 ತಗೊಳ್ಳುತ್ತೇನೆ. ಅದಕ್ಕೆ ಸಾಮಾನು 110, ಸಮಯ ಐದು ಗಂಟೆ. ಗಂಟೆಗೆ 98! ಊರೆಲ್ಲ ಹೊಗಳೋದು ಆ ಬ್ಲೌಸುಗಳನ್ನೇ. 750 ಮಾಡಿದರೆ ಸಾದಾ ಬ್ಲೌಸಿನ ಮಟ್ಟಕ್ಕೆ ಬರುತ್ತದೆ.

ಮೇಡಂ, ಲೆಕ್ಕಶಾಸ್ತ್ರದ ಪುಸ್ತಕ ಪಕ್ಕದ ಮನೆ ಹುಡುಗಿಯದು ಸಿಕ್ಕಿದೆ. ಆದರೆ ನಿಮ್ಮ 158ರವರಿಗೆ ಅನ್ಯಾಯ ಮಾಡಬಾರದು. ನನ್ನ ಬಿಸಿನೆಸ್ ಪುಸ್ತಕದಲ್ಲಿ "ಇಲ್ಲ" ಅನ್ನುವುದನ್ನು ಹೇಗೆ ಹೇಳಬೇಕು ಅಂತ ನಾಲ್ಕು ಪುಟ ಇದೆ. ಕಾರಣ ಉದ್ದ ಹೇಳಬೇಡಿ, ಒಂದು ಸಾಲು ಹೇಳಿ ಸುಮ್ಮನಾಗಿ ಅಂತ. ಯಾವಾಗಲೂ ಸಾಲಕ್ಕೆ ಹೊಲಿಸುವ ಒಬ್ಬರಿಗೆ ನಿನ್ನೆ "ಅರ್ಧ ಅಡ್ವಾನ್ಸ್ ಕೊಡಿ" ಅಂದು ಸುಮ್ಮನೆ ಕತ್ತರಿ ಎತ್ತಿಕೊಂಡೆ. ಪರ್ಸ್ ತೆಗೆದರು! ಇದನ್ನು ಪಿಯುಸಿ ಪುಸ್ತಕ ಹೇಳಿಕೊಡುತ್ತಿತ್ತಾ?

ಈಗ ಈ 750ನ್ನು ಹಳೇ ಗಿರಾಕಿಗಳಿಗೆ ಹೇಳೋದು ಹೇಗೆ?

ಪಾಂಡವಪುರದ ಹುಡುಗ:

ರೇಟ್ ಬೋರ್ಡ್ ಬರೆಸಿ ಗೋಡೆಗೆ ಹಾಕಿ ಅಕ್ಕ. ಬಾಯಲ್ಲಿ ಹೇಳಿದರೆ ಚೌಕಾಸಿ ಶುರು ಮಾಡುತ್ತಾರೆ. ಈಗಾಗಲೇ ಬಟ್ಟೆ ಕೊಟ್ಟವರಿಗೆ ಹಳೇ ರೇಟೇ ಇರಲಿ. ಯಾವ ತಾರೀಕಿನಿಂದ ಹೊಸ ರೇಟು ಅಂತ ಬೋರ್ಡಿನ ಮೇಲೇ ದಪ್ಪಗೆ ಬರೆಸಿ.

ಮದ್ದೂರು ನಿವೃತ್ತ ಬ್ಯಾಂಕಿನವರು:

ಹುಡುಗ ಸರಿಯಾಗಿ ಹೇಳಿದ. ಆದರೆ ಆ ತಾರೀಕು ಗೌರಿ ಹಬ್ಬಕ್ಕೆ ತಿಂಗಳ ಮುಂಚೆ ಇರಲಿ. ಹಬ್ಬದ ವಾರದಲ್ಲಿ ಏರಿಸಿದರೆ ಜಗಳ ಆಗುತ್ತದೆ.